ಮೀಟರಿಲ್ಲದ ಲಾಭ

2026ರ ಜನವರಿಯಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ ಒಂದು ಸಿಹಿಸುದ್ದಿ ಕೊಟ್ಟಿತು. ದೇಶದ ವಿದ್ಯುತ್ ವಿತರಣಾ ಕಂಪನಿಗಳೆಲ್ಲ ಸೇರಿ 2024-25ರಲ್ಲಿ 2,701 ಕೋಟಿ ರೂಪಾಯಿ ಲಾಭ ಮಾಡಿವೆಯಂತೆ. ಹಿಂದಿನ ವರ್ಷ ಇವೇ ಕಂಪನಿಗಳು 25,553 ಕೋಟಿ ನಷ್ಟದಲ್ಲಿದ್ದವು. 2013-14ರಲ್ಲಿ ನಷ್ಟ 67,962 ಕೋಟಿ ಇತ್ತು. ದಶಕಗಳಿಂದ ಸೋರುತ್ತಿದ್ದ ಕೊಡ ಒಮ್ಮೆಗೇ ತುಂಬಿತು ಎಂಬಂತೆ ಸುದ್ದಿ ಹರಡಿತು.

ಅದೇ ಪ್ರಕಟಣೆಯಲ್ಲಿ ಇನ್ನೊಂದು ಅಂಕಿ ಇತ್ತು. ಒಂದು ಯೂನಿಟ್ ಕರೆಂಟು ಪೂರೈಸಲು ತಗಲುವ ಸರಾಸರಿ ವೆಚ್ಚಕ್ಕೂ ಅದರಿಂದ ಬರುವ ಸರಾಸರಿ ಆದಾಯಕ್ಕೂ ಇರುವ ಅಂತರ 78 ಪೈಸೆಯಿಂದ 6 ಪೈಸೆಗೆ ಇಳಿದಿದೆ. ಇಳಿದದ್ದು ಸಂತೋಷವೇ. ಆದರೆ 6 ಪೈಸೆ ಇನ್ನೂ ಕೊರತೆಯ ಕಡೆಗೇ ಇದೆ. ಪ್ರತಿ ಯೂನಿಟ್‌ಗೆ 6 ಪೈಸೆ ಕಳೆದುಕೊಳ್ಳುವ ವ್ಯಾಪಾರಿ ವರ್ಷದ ಕೊನೆಗೆ 2,701 ಕೋಟಿ ಲಾಭ ಎಣಿಸುವುದು ಹೇಗೆ?

ಉತ್ತರ ಕಷ್ಟದ್ದೇನಲ್ಲ. ಎರಡೂ ಅಂಕಿಗಳು ಬೇರೆ ಬೇರೆ ಲೆಕ್ಕದ ಪದ್ಧತಿಯಿಂದ ಬಂದಿವೆ. ಲಾಭದ ಅಂಕಿ, ಬರಬೇಕಾದ ಹಣವನ್ನೂ ಬಂದ ಹಾಗೆ ಬರೆದುಕೊಂಡ ಲೆಕ್ಕ. 6 ಪೈಸೆಯದು, ಸಬ್ಸಿಡಿ ನಿಜಕ್ಕೂ ಎಷ್ಟು ಕೈಸೇರಿತು, ಗ್ರಾಹಕರ ಬಾಕಿ ಎಷ್ಟು ಬೆಳೆಯಿತು ಎಂದು ನೋಡಿ ತಿದ್ದಿದ ಲೆಕ್ಕ. ಸಚಿವಾಲಯಕ್ಕೆ ಎರಡೂ ಗೊತ್ತು. ಸಂಭ್ರಮಕ್ಕೆ ಆರಿಸಿಕೊಂಡದ್ದು ಮೊದಲನೆಯದನ್ನು.

ನನ್ನ ತಕರಾರು ಇಷ್ಟು: ಇವತ್ತು ನಮ್ಮ ದೇಶದಲ್ಲಿ ವಿದ್ಯುತ್ ವಿತರಣಾ ಕಂಪನಿಯೊಂದರ ಲಾಭ-ನಷ್ಟದ ಪಟ್ಟಿ ನೋಡಿ ಆ ಕಂಪನಿ ಹೇಗೆ ನಡೆಯುತ್ತಿದೆ ಎಂದು ಯಾರೂ ಹೇಳಲಾರರು. ಚೆನ್ನಾಗಿ ನಡೆಯುವ ಕಂಪನಿಯ ಕೈ ಬರಿದಾಗಿರಬಹುದು, ಕೆಟ್ಟದಾಗಿ ನಡೆಯುವುದು ಲಾಭ ತೋರಿಸಬಹುದು. ಎರಡೂ ಆಗಿವೆ, ಆಗುತ್ತಿವೆ. ಅಳೆಯಬೇಕಾದದ್ದನ್ನು ಅಳೆಯದೆ ಬಿಟ್ಟಿರುವುದೇ ಇದಕ್ಕೆ ಕಾರಣ. ಹಾಗೆ ಬಿಟ್ಟಿರುವುದು ಮರೆವಿನಿಂದಲ್ಲ, ಅದರಿಂದ ಅನುಕೂಲವಿದೆ.

ಈ ವ್ಯಾಪಾರ ಎಂಥದ್ದು ಎಂದು ಮೊದಲು ನೋಡೋಣ. ಒಂದು ದಿನಸಿ ಅಂಗಡಿ ಅಂದುಕೊಳ್ಳಿ. ಅಂಗಡಿಯವನು ಸಗಟು ಮಾಲನ್ನು 25 ವರ್ಷದ ಒಪ್ಪಂದದ ಮೇಲೆ ಕೊಳ್ಳಬೇಕು. ಮಾಲು ಎತ್ತದಿದ್ದರೂ ಸ್ಥಿರ ಶುಲ್ಕ ಕಟ್ಟಬೇಕು. ಅವನ ಒಟ್ಟು ಖರ್ಚಿನಲ್ಲಿ ಮುಕ್ಕಾಲು ಪಾಲು ಹೀಗೆ ಕೊಂಡ ಮಾಲಿನದೇ. ಮಾರುವ ದರವನ್ನು ನಿಗದಿ ಮಾಡುವುದು ಅವನಲ್ಲ, ಒಂದು ಆಯೋಗ. ಕೇಳಿಬಂದವರಿಗೆ ಇಲ್ಲ ಎನ್ನುವಂತಿಲ್ಲ. ಇದರ ಮೇಲೆ ಊರ ಗೌಡರು ಬಂದು, 'ಈ ಮನೆಗಳಿಗೆಲ್ಲ ಪುಕ್ಕಟೆ ಕೊಡು, ನನ್ನ ಲೆಕ್ಕಕ್ಕೆ ಬರೆದುಕೋ' ಅನ್ನುತ್ತಾರೆ. ಗೌಡರೇ ಅಂಗಡಿಯ ಮಾಲೀಕರೂ ಹೌದು. ಅವರ ಬಾಕಿ ಕೇಳುವ ಧೈರ್ಯ ಗಲ್ಲಾದ ಮೇಲೆ ಕೂತ ನೌಕರನಿಗೆ ಎಲ್ಲಿಂದ ಬರಬೇಕು?

ಇಂಥ ಅಂಗಡಿಯಲ್ಲಿ ಲಾಭ ಎನ್ನುವುದು ವ್ಯಾಪಾರದ ಜಾಣ್ಮೆಯ ಫಲವೇ ಅಲ್ಲ. ಆಯೋಗ ದರ ನಿಗದಿ ಮಾಡುವಾಗ ಕಂಪನಿಯ ಖರ್ಚುಗಳ ಪಟ್ಟಿ ಹಾಕುತ್ತದೆ: ಕೊಂಡ ವಿದ್ಯುತ್ತು, ಸಂಬಳ, ದುರಸ್ತಿ, ಬಡ್ಡಿ, ಸವಕಳಿ. ಅದೇ ಪಟ್ಟಿಯಲ್ಲಿ ಷೇರು ಬಂಡವಾಳದ ಮೇಲೆ ಸಾಮಾನ್ಯವಾಗಿ ಶೇ 14ರಿಂದ 16ರಷ್ಟು ಪ್ರತಿಫಲವೂ ಒಂದು ಬಾಬತ್ತು. ಅಂದರೆ ಲಾಭವನ್ನು ಖರ್ಚಿನಂತೆ ಮೊದಲೇ ದರದೊಳಗೆ ಸೇರಿಸಿ ಕೊಟ್ಟಿರುತ್ತಾರೆ. ಹಾಗೆ ಸೇರಿಸಿ ಕೊಟ್ಟ ಮೇಲೂ ಕಂಪನಿ ನಷ್ಟದಲ್ಲಿದ್ದರೆ ಅದಕ್ಕೆ ಎರಡೇ ಕಾರಣ ಇರಲು ಸಾಧ್ಯ. ಕಂಪನಿ ತನ್ನ ಕೆಲಸ ಸರಿಯಾಗಿ ಮಾಡಿಲ್ಲ. ಅಂದರೆ ಕಳ್ಳತನ ತಡೆದಿಲ್ಲ, ಬಿಲ್ ವಸೂಲಿ ಮಾಡಿಲ್ಲ, ದುಬಾರಿ ಕರೆಂಟು ಕೊಂಡಿದೆ. ಇಲ್ಲವೇ ಸರ್ಕಾರವೂ ಆಯೋಗವೂ ಕೊಡಬೇಕಾದದ್ದನ್ನು ಕೊಟ್ಟಿಲ್ಲ. ಮೊದಲನೆಯದು ಕಂಪನಿಯ ತಪ್ಪು, ಎರಡನೆಯದು ರಾಜಕೀಯದ್ದು. ಮೌಲ್ಯಮಾಪನ ಎಂದರೆ ಇವೆರಡನ್ನು ಬೇರ್ಪಡಿಸುವುದು. ಒಟ್ಟು ಲಾಭದ ಅಂಕಿ ಎರಡನ್ನೂ ಕಲಸಿ ಮುದ್ದೆ ಮಾಡಿಡುತ್ತದೆ.

ಈ ಕಲಸುಮೇಲೋಗರದ ಮೂಲ ಎಲ್ಲಿದೆ ಎಂದು ಹುಡುಕುತ್ತಾ ಹೋದರೆ ತಲುಪುವುದು ಹೊಲದ ಪಂಪ್‌ಸೆಟ್ಟಿಗೆ. ನಿಮ್ಮಲ್ಲಿ ಹಲವರಿಗೆ ಊರಿನಲ್ಲಿ ತೋಟವೋ ಗದ್ದೆಯೋ ಇದ್ದೀತು. ಪಂಪಿನ ಮನೆಯಲ್ಲಿ ಸ್ಟಾರ್ಟರ್ ಇರುತ್ತದೆ, ಕೆಪಾಸಿಟರ್ ಇದ್ದರೂ ಇರಬಹುದು. ಮೀಟರ್ ನೋಡಿದ ನೆನಪಿದೆಯೇ? ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟುಗಳಿಗೆ 2008ರಿಂದ ಕರೆಂಟು ಪೂರ್ತಿ ಉಚಿತ. ತೆಲಂಗಾಣದಲ್ಲಿ 2018ರ ಜನವರಿಯಿಂದ ಕೃಷಿಗೆ 24 ಗಂಟೆ ಉಚಿತ. ಮಹಾರಾಷ್ಟ್ರ 2024ರ ಏಪ್ರಿಲ್‌ನಿಂದ ಅನ್ವಯವಾಗುವಂತೆ 7.5 ಎಚ್‌ಪಿವರೆಗೆ ಉಚಿತ ಮಾಡಿತು. ತಮಿಳುನಾಡಿನ ಕಥೆ ಇವಕ್ಕಿಂತ ಹಳೆಯದು. ಉಚಿತ ಕೊಡುವುದರ ಬಗ್ಗೆ ನನ್ನ ಜಗಳವಿಲ್ಲ. ಎಷ್ಟು ಕೊಟ್ಟಿರಿ ಎಂದು ಗೊತ್ತಿಲ್ಲದೆ ಕೊಡುವುದರ ಬಗ್ಗೆ ಇದೆ.

2003ರ ವಿದ್ಯುತ್ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಕಾಯ್ದೆ ಜಾರಿಯಾಗಿ ಎರಡು ವರ್ಷ ಕಳೆದ ಮೇಲೆ ಮೀಟರಿಲ್ಲದೆ ಯಾರಿಗೂ ವಿದ್ಯುತ್ ಪೂರೈಸುವಂತಿಲ್ಲ. ಕಾಯ್ದೆ ಜಾರಿಯಾದದ್ದು 2003ರ ಜೂನ್ 10ರಂದು. ಗಡುವು ಮುಗಿದು ಇಪ್ಪತ್ತು ವರ್ಷ ದಾಟಿದೆ. ಗಡುವನ್ನು ಮುಂದಕ್ಕೆ ಹಾಕಲು ಆಯೋಗಗಳಿಗೆ ಅದೇ ಸೆಕ್ಷನ್ ಅಧಿಕಾರ ಕೊಟ್ಟಿದೆ. ಆ ಒಂದು ಕಿಂಡಿಯಲ್ಲಿ ಲಕ್ಷಾಂತರ ಪಂಪ್‌ಸೆಟ್ಟುಗಳು ಇವತ್ತಿಗೂ ತೂರುತ್ತಿವೆ.

ಮೀಟರಿಲ್ಲದಿದ್ದರೆ ಲೆಕ್ಕ ಹೇಗೆ? ಅಂದಾಜು. ಕೆಲವು ಫೀಡರ್‌ಗಳನ್ನು, ಕೆಲವು ಟಿಸಿಗಳನ್ನು ಮಾದರಿಯಾಗಿ ಆರಿಸಿ, ಒಂದು ಪಂಪ್‌ಸೆಟ್ ವರ್ಷಕ್ಕೆ ಇಷ್ಟು ಯೂನಿಟ್ ಎಳೆಯುತ್ತದೆ ಎಂದು ಗುಣಿಸಿ ಬರೆಯುತ್ತಾರೆ. ಈ ಅಂದಾಜಿನಲ್ಲಿ ಏನೆಲ್ಲ ಅಡಗುತ್ತದೆ ಎಂದು ತಿಳಿಯಲು ಒಂದು ಕಾಲ್ಪನಿಕ ಕಂಪನಿಯ ಲೆಕ್ಕ ಹಾಕೋಣ. ಅಂಕಿಗಳು ನಾನೇ ಮಾಡಿಕೊಂಡವು, ಗುಣಾಕಾರ ಸುಲಭವಾಗಲಿ ಎಂದು.

ಕಂಪನಿ 100 ಯೂನಿಟ್ ಕೊಂಡಿತು. ಪೇಟೆಯ ಮನೆ, ಅಂಗಡಿ, ಕಾರ್ಖಾನೆಗಳ ಮೀಟರಿನಲ್ಲಿ ಬಂದದ್ದು 55. ಉಳಿದ 45 ಯೂನಿಟ್ ಪಂಪ್‌ಸೆಟ್ಟಿಗೆ ಹೋಗಿರಬೇಕು, ಇಲ್ಲವೇ ತಂತಿಯಲ್ಲಿ ಬಿಸಿಯಾಗಿ, ಕಳುವಾಗಿ ನಷ್ಟವಾಗಿರಬೇಕು. ಕಂಪನಿ ಬರೆಯುತ್ತದೆ: ಪಂಪ್‌ಸೆಟ್ 30, ನಷ್ಟ 15. ನಷ್ಟ ಶೇ 15 ಅಂದರೆ ರಾಷ್ಟ್ರೀಯ ಸರಾಸರಿಯಷ್ಟು, ಯಾರೂ ಬೈಯುವುದಿಲ್ಲ. ಪಂಪ್‌ಸೆಟ್ಟಿನ 30 ಯೂನಿಟ್‌ಗೆ ತಲಾ 6 ರೂಪಾಯಿಯಂತೆ ಸರ್ಕಾರದಿಂದ 180 ರೂಪಾಯಿ ಸಬ್ಸಿಡಿ. ಪೇಟೆಯವರಿಂದ 520 ರೂಪಾಯಿ. ಒಟ್ಟು ಆದಾಯ 700. ಖರ್ಚೂ 700. ಲೆಕ್ಕ ಸರಿಹೋಯಿತು.

ಈಗ ಆ ಹೊಲಗಳಲ್ಲಿ ನಿಜಕ್ಕೂ ಖರ್ಚಾದದ್ದು 20 ಯೂನಿಟ್ ಮಾತ್ರ ಅಂದುಕೊಳ್ಳಿ. ಆಗ ನಷ್ಟ ಶೇ 15 ಅಲ್ಲ, ಶೇ 25. ಸಿಗಬೇಕಿದ್ದ ಸಬ್ಸಿಡಿ 180 ಅಲ್ಲ, 120. ಸರಿಹೋಗಿದ್ದ ಲೆಕ್ಕದಲ್ಲಿ 60 ರೂಪಾಯಿ ಕೊರತೆ. ಪೇಟೆಯ ಬಡಾವಣೆಯೊಂದರಲ್ಲಿ ಕೊಕ್ಕೆ ಹಾಕಿ ಕದ್ದ ಕರೆಂಟು, ಯಾವುದೋ ಕಾರ್ಖಾನೆ ಮೀಟರು ತಿರುಚಿ ಬಳಸಿದ ಕರೆಂಟು, ಮೂವತ್ತು ವರ್ಷ ಹಳೆಯ ತಂತಿಯಲ್ಲಿ ಸುಟ್ಟುಹೋದ ಕರೆಂಟು, ಇವೆಲ್ಲ ರೈತನ ಹೆಸರಿನಲ್ಲಿ ಜಮೆಯಾಗಿವೆ. ಇದಕ್ಕಾಗಿ ಕಂಪನಿ ಒಂದು ಕಂಬ ನೆಡಬೇಕಿಲ್ಲ, ಒಂದು ಸ್ಕ್ವಾಡ್ ಕಳಿಸಬೇಕಿಲ್ಲ. ಒಂದು ಕೋಷ್ಟಕದಲ್ಲಿ 20 ಇದ್ದಲ್ಲಿ 30 ಬರೆದರೆ ಸಾಕು. ಕಾರ್ಯಾಚರಣೆಯ ಲಾಭ ಎಂದು ನಾವು ಕರೆಯುವ ಸಂಗತಿ ಪೆನ್ನಿನ ತುದಿಯಲ್ಲಿ ಹುಟ್ಟುತ್ತದೆ.

ಇದು ಬರೀ ಗುಮಾನಿಯಲ್ಲ. ಮಹಾರಾಷ್ಟ್ರದಲ್ಲಿ ವಿದ್ಯುತ್ ನಿಯಂತ್ರಣ ಆಯೋಗವೇ ಕೃಷಿ ಬಳಕೆಯನ್ನು ಪರಿಶೀಲಿಸಲು ಒಂದು ಕಾರ್ಯತಂಡ ರಚಿಸಿತ್ತು. ಪಂಪ್‌ಸೆಟ್ಟುಗಳ ಹೆಸರಿನಲ್ಲಿ ಮಹಾವಿತರಣ ತೋರಿಸುತ್ತಿದ್ದ ಬಳಕೆ ವಾಸ್ತವಕ್ಕಿಂತ ಹೆಚ್ಚು ಎಂದು ಹೊರಬಂದು, 2020ರ ದರ ಆದೇಶದಲ್ಲಿ ಆಯೋಗ ಕೃಷಿ ಬಳಕೆಯನ್ನು ಇಳಿಸಿತು. ಕೃಷಿ ಬಳಕೆ ಇಳಿದ ಕೂಡಲೇ ಕಂಪನಿಯ ವಿತರಣಾ ನಷ್ಟದ ಪ್ರಮಾಣ ತಾನಾಗಿಯೇ ಮೇಲೇರಿತು. ರಾತ್ರೋರಾತ್ರಿ ಯಾರೂ ಹೊಸದಾಗಿ ಕರೆಂಟು ಕದಿಯಲಿಲ್ಲ. ಕದ್ದದ್ದನ್ನು ಬರೆಯುವ ಕಾಲಂ ಬದಲಾಯಿತು. ಪುಣೆ, ಮುಂಬಯಿಯ ಓದುಗರು ಈ ಪ್ರಸಂಗವನ್ನು ನೆನಪಿಟ್ಟುಕೊಳ್ಳಬೇಕು. 'ರೈತರಿಗೆ ಪುಕ್ಕಟೆ ಕೊಟ್ಟು ನಮ್ಮ ಬಿಲ್ ಏರಿಸಿದರು' ಎಂಬ ಮಾತು ನಮ್ಮ ಸೊಸೈಟಿಗಳ ಮೀಟಿಂಗಿನಲ್ಲಿ ಆಗಾಗ ಬರುತ್ತದೆ. ಅದರಲ್ಲಿ ನಿಜ ಎಷ್ಟು, ರೈತನ ಬೆನ್ನಿಗೆ ಅಂಟಿಸಿದ್ದು ಎಷ್ಟು ಎಂದು ಹೇಳುವ ಸಾಧನ ಆ ರೈತನ ಬಳಿಯೂ ಇಲ್ಲ.

ಅವನ ಪಾಡನ್ನೂ ನೋಡಿ. ಮೂರು ಫೇಸ್ ಕರೆಂಟು ಕೆಲವೇ ಗಂಟೆ, ಅದೂ ಎಷ್ಟೋ ಕಡೆ ರಾತ್ರಿ ಹೊತ್ತು. ವೋಲ್ಟೇಜ್ ಇಳಿದು ಮೋಟರು ಸುಟ್ಟರೆ ವೈಂಡಿಂಗ್ ಖರ್ಚು ಅವನದೇ. ಟಿಸಿ ಸುಟ್ಟರೆ ಊರವರು ವಂತಿಗೆ ಎತ್ತಿ, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ದುರಸ್ತಿ ಕೇಂದ್ರಕ್ಕೆ ಹೋಗುವ ದೃಶ್ಯ ಉತ್ತರ ಕರ್ನಾಟಕದಲ್ಲೂ ಮರಾಠವಾಡದಲ್ಲೂ ಹೊಸದಲ್ಲ. ದುಡ್ಡು ಕೊಡದ ಗ್ರಾಹಕನಿಗೆ ಕಂಪನಿಯನ್ನು ಪ್ರಶ್ನಿಸುವ ಹಕ್ಕೂ ಇರದು ಎಂಬ ಭಾವನೆ ಎರಡೂ ಕಡೆ ಬೇರುಬಿಟ್ಟಿದೆ. ಅವನಿಗೆ ಮೀಟರ್ ಬೇಡ, ಏಕೆಂದರೆ ನಾಳೆ ಬಿಲ್ ಬಂದೀತೆಂಬ ಭಯ. ಕಂಪನಿಗೆ ಮೀಟರ್ ಬೇಡ, ಏಕೆಂದರೆ ನಿಜ ಬಂದೀತೆಂಬ ಭಯ. ಮಂತ್ರಿಗೆ ಇಬ್ಬರನ್ನೂ ಎದುರು ಹಾಕಿಕೊಳ್ಳುವ ಅಗತ್ಯವೇ ಕಾಣುವುದಿಲ್ಲ.

ಇದೇ ತರ್ಕದಿಂದ ಒಂದು ಅಪ್ರಿಯ ಮಾತು ಹೇಳಬೇಕು. ಗೃಹಜ್ಯೋತಿಯನ್ನು ಬೈಯುವವರು ಬಹಳ. 2023ರಲ್ಲಿ ಕರ್ನಾಟಕ ಅದನ್ನು ತಂದಾಗ ಎಸ್ಕಾಂಗಳು ಮುಳುಗಿಯೇ ಹೋಗುತ್ತವೆ ಎಂದವರೂ ಇದ್ದರು. ಆದರೆ ಲೆಕ್ಕದ ಕಣ್ಣಿನಿಂದ ನೋಡಿದರೆ ಪಂಪ್‌ಸೆಟ್ ಸಬ್ಸಿಡಿಗಿಂತ ಗೃಹಜ್ಯೋತಿ ಎಷ್ಟೋ ಪ್ರಾಮಾಣಿಕ. ಮನೆಯಲ್ಲಿ ಮೀಟರ್ ತಿರುಗುತ್ತದೆ, ರೀಡರ್ ಬರುತ್ತಾರೆ, ಬಿಲ್ಲಿನಲ್ಲಿ ಯೂನಿಟ್ ಮುದ್ರಣವಾಗುತ್ತದೆ, ಕೊನೆಗೆ ಸೊನ್ನೆ ಎಂದು ಬರುತ್ತದೆ. ಸರ್ಕಾರ ಎಷ್ಟು ಕೊಡಬೇಕು ಎಂಬುದು ಅಳೆದ ಅಂಕಿ. ಯೋಜನೆ ಬೇಕೋ ಬೇಡವೋ ಎಂದು ಚುನಾವಣೆಯಲ್ಲಿ ವಾದಿಸಬಹುದು, ಏಕೆಂದರೆ ಅದರ ಬೆಲೆ ಎಲ್ಲರಿಗೂ ಕಾಣುತ್ತದೆ. ಪಂಪ್‌ಸೆಟ್ಟಿನ ಬಗ್ಗೆ ಹಾಗೆ ವಾದಿಸಲೂ ಆಗದು.

ಅಳೆದ ಮೇಲೂ ಒಂದು ಮೆಟ್ಟಿಲು ಬಾಕಿ ಉಳಿಯುತ್ತದೆ. ಸಬ್ಸಿಡಿಯನ್ನು ಸರ್ಕಾರ ಮುಂಗಡವಾಗಿ ಕೊಡಬೇಕು ಎಂದು ಅದೇ ಕಾಯ್ದೆಯ 65ನೇ ಸೆಕ್ಷನ್ ಹೇಳುತ್ತದೆ. ಮುಂಗಡ ಎಂಬ ಪದ ಅಲ್ಲಿ ಸುಮ್ಮನೆ ಬಂದದ್ದಲ್ಲ. ನಮ್ಮ ಕಾಲ್ಪನಿಕ ಕಂಪನಿಗೆ ಸರ್ಕಾರ 180ರ ಬದಲು ಈ ವರ್ಷ 130 ಕೊಟ್ಟಿತು ಅನ್ನಿ. ಉಳಿದ 50 ರೂಪಾಯಿ 'ಬರಬೇಕಾದ ಬಾಕಿ' ಎಂದು ಆಸ್ತಿಯ ಕಡೆ ಕೂರುತ್ತದೆ, ಲಾಭ-ನಷ್ಟದ ಪಟ್ಟಿಗೆ ಅದು ಸೋಂಕುವುದೇ ಇಲ್ಲ. ಉತ್ಪಾದಕರಿಗೆ ಕೊಡಲು ಮಾತ್ರ ದುಡ್ಡಿಲ್ಲ. ಕಂಪನಿ ಸಾಲ ಎತ್ತುತ್ತದೆ. ಮುಂದಿನ ವರ್ಷದ ಬಡ್ಡಿ ಆಯೋಗ ಒಪ್ಪಿದರೆ ನಮ್ಮ ಬಿಲ್ಲಿಗೆ, ಒಪ್ಪದಿದ್ದರೆ ಕಂಪನಿಯ ತಲೆಗೆ. ಈಚಿನ ವರ್ಷಗಳಲ್ಲಿ ಇದು ಸುಧಾರಿಸಿದೆ, ಒಪ್ಪಬೇಕು. ಬಾಕಿ ಕಟ್ಟದ ಕಂಪನಿಗಳಿಗೆ ವಿದ್ಯುತ್ ಪೂರೈಕೆಯನ್ನೇ ಮೊಟಕುಗೊಳಿಸುವ 2022ರ ವಿಳಂಬ ಪಾವತಿ ನಿಯಮಗಳು ಬಂದ ಮೇಲೆ ರಾಜ್ಯಗಳಿಗೆ ಚುರುಕು ಮುಟ್ಟಿದೆ. ಸಚಿವಾಲಯ ಬೆನ್ನು ತಟ್ಟಿಕೊಳ್ಳಬೇಕಾದದ್ದು ಇದಕ್ಕೆ, 2,701 ಕೋಟಿಗಲ್ಲ.

ಆ ಲಾಭದೊಳಗೆ ಸೇರಿರುವ ಇನ್ನೊಂದು ಬಾಬತ್ತು ರಾಜ್ಯಗಳ ನಷ್ಟ ಪರಿಹಾರ ಅನುದಾನ. ವಿದ್ಯುತ್ ಸುಧಾರಣೆ ತೋರಿಸಿದ ರಾಜ್ಯಗಳಿಗೆ ಒಟ್ಟು ಉತ್ಪನ್ನದ ಶೇ 0.5ರಷ್ಟು ಹೆಚ್ಚುವರಿ ಸಾಲ ಎತ್ತಲು ಕೇಂದ್ರ 2021-22ರಿಂದ ಅವಕಾಶ ಕೊಟ್ಟಿತು. ಕಂಪನಿಯ ನಷ್ಟವನ್ನು ಸರ್ಕಾರ ಹೊತ್ತುಕೊಳ್ಳುವುದೂ ಆ ಸುಧಾರಣೆಯ ಒಂದು ಅಂಶ. ತಮಿಳುನಾಡು ಸರ್ಕಾರ ತನ್ನ ಕಂಪನಿಯ ನಷ್ಟವನ್ನು ಹೀಗೆ ತುಂಬಿಕೊಡುತ್ತಾ ಬಂದಿದೆ. ಚೆನ್ನೈನವರೇ, ಎರಡು ತಿಂಗಳಿಗೊಮ್ಮೆ 100 ಯೂನಿಟ್ ಉಚಿತ ಪಡೆಯುವಾಗ ಆ ಅನುದಾನಕ್ಕಾಗಿ ನಿಮ್ಮ ರಾಜ್ಯ ಎತ್ತಿದ ಸಾಲವನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಗನ ಸಾಲವನ್ನು ಅಪ್ಪ ಸಾಲ ಮಾಡಿ ತೀರಿಸಿದರೆ ಮಗನ ಪಾಸ್‌ಬುಕ್ ಚೊಕ್ಕಟವಾಗುತ್ತದೆ, ಮನೆಯ ಸಾಲ ಹಾಗೇ ಇರುತ್ತದೆ. 2015ರ ಉದಯ್ ಯೋಜನೆಯಲ್ಲಿ ಕಂಪನಿಗಳ ಸಾಲದ ಶೇ 75ರಷ್ಟನ್ನು ರಾಜ್ಯಗಳು ಹೊತ್ತುಕೊಂಡಾಗಲೂ ನಡೆದದ್ದು ಇದೇ. ಬಡ್ಡಿ ಕಡಿಮೆಯಾಯಿತು, ನಷ್ಟ ಇಳಿದಂತೆ ಕಂಡಿತು, ಯೂನಿಟ್‌ಗೆ ಸೊನ್ನೆ ಅಂತರ 2018-19ಕ್ಕೆ ಎಂದರು. 2020ರಲ್ಲಿ ಮತ್ತೆ 90,000 ಕೋಟಿಯ ನಗದು ನೆರವು ಘೋಷಿಸಬೇಕಾಯಿತು. ಅದಕ್ಕೂ ಮೊದಲು 2012ರಲ್ಲಿ ಒಂದು, 2002-03ರ ಹೊತ್ತಿಗೆ ಒಂದು.

ಈಗ ದಿಲ್ಲಿಗೆ ಬರೋಣ. ಇಲ್ಲಿ ಪಂಪ್‌ಸೆಟ್ಟಿನ ನೆಪ ಇಲ್ಲ. ದಿಲ್ಲಿಯ ಕಥೆ ನಾನು ಮೇಲೆ ಹೇಳಿದ್ದಕ್ಕೆ ತದ್ವಿರುದ್ಧ, ಹಾಗಾಗಿಯೇ ಮುಖ್ಯ.

2002ರ ಜುಲೈನಲ್ಲಿ ದಿಲ್ಲಿಯ ವಿತರಣೆಯನ್ನು ಖಾಸಗಿಯವರಿಗೆ ಕೊಟ್ಟರು. ಶೇ 51 ಪಾಲು ಖಾಸಗಿ, ಶೇ 49 ಸರ್ಕಾರದ್ದು. ಆಗ ಅಲ್ಲಿ ಕೊಂಡ ಕರೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚಿನದಕ್ಕೆ ದುಡ್ಡೇ ಬರುತ್ತಿರಲಿಲ್ಲ. ಇವತ್ತು ಮೂರೂ ಕಂಪನಿಗಳ ನಷ್ಟ ಒಂದಂಕಿಯ ಆಸುಪಾಸಿನಲ್ಲಿದೆ. ಜಗತ್ತಿನ ಯಾವ ಊರಿನ ಮುಂದೆಯೂ ತಲೆಯೆತ್ತಿ ನಿಲ್ಲಬಹುದಾದ ಸಾಧನೆ. ಎರಡು ದಶಕದ ಹಿಂದೆ ಬೇಸಿಗೆಯ ರಾತ್ರಿಗಳನ್ನು ತಾರಸಿಯ ಮೇಲೆ ಕಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಕಾರ್ಯಾಚರಣೆಯ ದೃಷ್ಟಿಯಿಂದ ಪೂರ್ಣಾಂಕ.

ಹಾಗಿದ್ದರೆ ಈ ಕಂಪನಿಗಳ ಬಳಿ ದುಡ್ಡಿರಬೇಕಲ್ಲ? 2024ರ ಮಾರ್ಚ್ ಕೊನೆಗೆ ಈ ಮೂರು ಕಂಪನಿಗಳಿಗೆ ಗ್ರಾಹಕರಿಂದ ಬರಬೇಕಾಗಿ ಉಳಿದ, ಬಡ್ಡಿ ಸೇರಿದ ಮೊತ್ತ 27,200 ಕೋಟಿ ರೂಪಾಯಿ. ಇದಕ್ಕೆ 'ನಿಯಂತ್ರಣ ಆಸ್ತಿ' ಎಂಬ ಸುಂದರ ಹೆಸರು. ಅರ್ಥ ಇಷ್ಟೆ: ಖರ್ಚು ನಿಜ ಎಂದು ಆಯೋಗ ಒಪ್ಪುತ್ತದೆ, ಆದರೆ ಅದಕ್ಕೆ ತಕ್ಕಂತೆ ದರ ಏರಿಸಿದರೆ ಜನ ಸಿಟ್ಟಾಗುತ್ತಾರೆ. ಹಾಗಾಗಿ 'ಇದನ್ನು ಮುಂದೊಂದು ದಿನ ವಸೂಲಿ ಮಾಡಿಕೊಳ್ಳಿ' ಎಂದು ಚೀಟಿ ಬರೆದುಕೊಡುತ್ತದೆ. ಕಂಪನಿ ಆ ಚೀಟಿಯನ್ನು ಆಸ್ತಿ ಎಂದು ಪುಸ್ತಕದಲ್ಲಿ ತೋರಿಸಿ, ಅಷ್ಟನ್ನು ಆದಾಯ ಎಂದು ಬರೆದು, ಲಾಭ ತೋರಿಸುತ್ತದೆ. ಇಲ್ಲದ ದುಡ್ಡಿಗೆ ಬ್ಯಾಂಕಿನಲ್ಲಿ ಸಾಲ. ಸಾಲದ ಬಡ್ಡಿಯೂ ಚೀಟಿಗೆ ಸೇರ್ಪಡೆ. ದಿಲ್ಲಿಯವರ ಬಿಲ್ಲಿನಲ್ಲಿ ಈ ಬಾಕಿಗೆಂದೇ ಶೇ 8ರ ಸರ್‌ಚಾರ್ಜ್ ವರ್ಷಗಳಿಂದ ಇದೆ. ಆದರೂ ಬಾಕಿ ಬೆಳೆಯುತ್ತಲೇ ಹೋಯಿತು.

2019ರಿಂದ ದಿಲ್ಲಿಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಸೊನ್ನೆ ಬಿಲ್. ಸೊನ್ನೆ ಬಿಲ್ಲಿನ ಸುಖ ಅನುಭವಿಸುತ್ತಿರುವ ಮನೆಗಳ ಹೆಸರಿನಲ್ಲೂ ಆ 27,200 ಕೋಟಿಯ ಒಂದು ತುಣುಕು ಬೆಳೆಯುತ್ತಾ ಕೂತಿತ್ತು. ಒಂದು ತಲೆಮಾರಿನವರು ಬಳಸಿದ ಕರೆಂಟಿಗೆ ಇನ್ನೊಂದು ತಲೆಮಾರಿನವರು, ಅದೂ ಬಡ್ಡಿ ಸಮೇತ, ಕಟ್ಟಬೇಕು. ಕೆಲಸಕ್ಕೆಂದು ಹೋದ ವರ್ಷ ಹುಬ್ಬಳ್ಳಿಯಿಂದ ದ್ವಾರಕಾಕ್ಕೆ ಬಂದು ಬಾಡಿಗೆ ಮನೆ ಹಿಡಿದವರು 2015ರಲ್ಲಿ ಯಾರೋ ಓಡಿಸಿದ ಏಸಿಗೆ ದುಡ್ಡು ಕೊಡುತ್ತಾರೆ.

2025ರ ಆಗಸ್ಟ್ 6ರಂದು ಸುಪ್ರೀಂ ಕೋರ್ಟ್ ಬಿಎಸ್‌ಇಎಸ್ ರಾಜಧಾನಿ ಪ್ರಕರಣದಲ್ಲಿ ಇದಕ್ಕೆ ಲಗಾಮು ಹಾಕಿತು. ಈಗಾಗಲೇ ಇರುವ ಬಾಕಿಯನ್ನು 2024ರ ಏಪ್ರಿಲ್ 1ರಿಂದ ಗರಿಷ್ಠ ಏಳು ವರ್ಷಗಳಲ್ಲಿ ತೀರಿಸಬೇಕು. ಹೊಸದಾಗಿ ಹುಟ್ಟುವುದನ್ನು ಮೂರು ವರ್ಷದೊಳಗೆ. ದಿಲ್ಲಿಗಷ್ಟೇ ಅಲ್ಲ, ಎಲ್ಲ ರಾಜ್ಯಗಳ ಆಯೋಗಗಳಿಗೂ ಇದು ಅನ್ವಯ. ತೀರ್ಪು ಸರಿಯಾದದ್ದೇ. ಆದರೆ ಯಾರ ಜೇಬಿನಿಂದ ಎಂಬ ಪ್ರಶ್ನೆಗೆ ಸದ್ಯಕ್ಕೆ ಇರುವ ಉತ್ತರ ಗ್ರಾಹಕರದು, ಇಲ್ಲವೇ ಸಬ್ಸಿಡಿಯ ದಾರಿಯಲ್ಲಿ ತೆರಿಗೆದಾರರದು. ದರ ಏರಿಸದೆ ಬೆನ್ನು ತಟ್ಟಿಸಿಕೊಂಡವರು ಯಾರೂ ಒಂದು ರೂಪಾಯಿ ಕೊಡಬೇಕಿಲ್ಲ.

ಹಾಗಾಗಿಯೇ 'ಖಾಸಗಿಗೆ ಕೊಡಿ, ಎಲ್ಲ ಸರಿಹೋಗುತ್ತದೆ' ಎನ್ನುವವರ ಮಾತು ನನಗೆ ಅರ್ಧವೇ ರುಚಿಸುತ್ತದೆ. ಕಳ್ಳತನ ಇಳಿಸುವುದರಲ್ಲಿ ಖಾಸಗಿಯವರ ದಾಖಲೆ ಒಳ್ಳೆಯದಿದೆ. 2007ರಲ್ಲಿ ಭಿವಂಡಿಯ ಪವರ್‌ಲೂಮ್ ಊರನ್ನು ಫ್ರಾಂಚೈಸಿಯಾಗಿ ಹಿಡಿದ ಟೊರೆಂಟ್ ಕೆಲವೇ ವರ್ಷಗಳಲ್ಲಿ ಅಲ್ಲಿನ ಭಾರಿ ನಷ್ಟವನ್ನು ಗಣನೀಯವಾಗಿ ಇಳಿಸಿತು. ಆದರೆ ದೇಶದಲ್ಲಿ ಎಲ್ಲರಿಗಿಂತ ಮೊದಲು 1999ರಲ್ಲಿ ಖಾಸಗೀಕರಣ ಮಾಡಿದ ಒಡಿಶಾದಲ್ಲಿ ಏನಾಯಿತು? ಅದೇ ವರ್ಷದ ಮಹಾಚಂಡಮಾರುತ ತಂತಿ, ಕಂಬಗಳನ್ನು ಕೊಚ್ಚಿಕೊಂಡು ಹೋದ ಮೇಲೆ ಅಮೆರಿಕದ ಎಇಎಸ್ ಕಂಪನಿ 2001ರಲ್ಲಿ ಕೈತೊಳೆದುಕೊಂಡು ಹೋಯಿತು. ಉಳಿದ ಮೂರು ಕಂಪನಿಗಳ ಪರವಾನಗಿಯನ್ನು 2015ರಲ್ಲಿ ಆಯೋಗವೇ ರದ್ದು ಮಾಡಿತು. ಟಾಟಾ ಪವರ್ ಬಂದದ್ದು ಎರಡು ದಶಕ ಕಳೆದ ಮೇಲೆ. ಯಜಮಾನ ಬದಲಾದರೆ ಅಂಗಡಿಯ ಕಳವು ನಿಲ್ಲಬಹುದು. ಗೌಡರ ಉದ್ರಿ ನಿಲ್ಲುವುದಿಲ್ಲ, ದಿಲ್ಲಿಯಲ್ಲಿ ನಿಂತಿಲ್ಲವಲ್ಲ.

ಇನ್ನೊಂದು ಪಾಳಯ ಇದೆ: 'ಕರೆಂಟು ಸೇವೆ, ವ್ಯಾಪಾರವಲ್ಲ. ಲಾಭ ನಷ್ಟ ನೋಡಬಾರದು.' ಇವರ ಕಳಕಳಿ ನನಗೆ ಹತ್ತಿರದ್ದು, ತೀರ್ಮಾನ ಅಲ್ಲ. ಸರ್ಕಾರಿ ಶಾಲೆಯೂ ಸೇವೆಯೇ. ಅಲ್ಲಿ ಹಾಜರಿ ಪುಸ್ತಕ ಬೇಡ ಎಂದು ಯಾರಾದರೂ ಹೇಳುತ್ತಾರೆಯೇ? ಸೇವೆ ಎನ್ನುವುದಾದರೆ ಬಜೆಟ್ಟಿನಲ್ಲಿ ದುಡ್ಡಿಟ್ಟು, ಮುಂಗಡ ಕೊಟ್ಟು, ಅಳೆದು ಕೊಡಲಿ. ಮುಂಬಯಿಯ ದ್ವೀಪ ನಗರದಲ್ಲಿ ಬೆಸ್ಟ್ ತನ್ನ ಬಸ್ಸುಗಳ ನಷ್ಟವನ್ನು ವರ್ಷಗಟ್ಟಲೆ ಕರೆಂಟಿನ ಗ್ರಾಹಕರಿಂದ ತುಂಬಿಸಿಕೊಂಡಿತು. ಬಸ್ಸು ಬೇಕು, ನಿಜ. ಆದರೆ ದಾದರಿನ ಚಾಳಿನಲ್ಲಿ ಬಲ್ಬು ಹಾಕಿದವನು ಅದಕ್ಕೆ ದುಡ್ಡು ಕೊಡಬೇಕೆಂದು ತೀರ್ಮಾನಿಸಿದ್ದು ಯಾವ ಸೇವಾ ತತ್ವ? ಲೆಕ್ಕ ಕಲಸಿದಾಗ ಸೋಲುವವರು ಸಾಮಾನ್ಯವಾಗಿ ಮಾತಾಡಲು ಬರದವರು.

ಹಾಗಾದರೆ ಕಂಪನಿಯನ್ನು ನೋಡುವುದು ಹೇಗೆ? ನನ್ನ ಪದ್ಧತಿ ಒರಟು, ಆದರೆ ಮೋಸ ಕಡಿಮೆ. ಲಾಭದ ಅಂಕಿಯಿಂದ ಮೊದಲು ನಿಯಂತ್ರಣ ಆಸ್ತಿಯ ಹೆಸರಿನ ಆದಾಯ ಕಳೆಯಿರಿ, ಆಮೇಲೆ ನಷ್ಟ ಪರಿಹಾರದ ಅನುದಾನ ಕಳೆಯಿರಿ, ಸಬ್ಸಿಡಿಯಲ್ಲಿ ಬ್ಯಾಂಕಿಗೆ ಬಂದದ್ದನ್ನು ಮಾತ್ರ ಉಳಿಸಿಕೊಳ್ಳಿ. ಉಳಿದದ್ದು ಎಷ್ಟು ಋಣವಾಗಿದೆಯೋ ಅದು ನಿಜವಾದ ಕೊರತೆ. ಆಮೇಲೆ ನಷ್ಟದ ಶೇಕಡಾವಾರು ನೋಡುವ ಬದಲು ಮೀಟರಿರುವ ಯೂನಿಟ್ ಎಷ್ಟು ಎಂದು ಕೇಳಿ. ಕೊಂಡದ್ದರಲ್ಲಿ ಶೇ 90ರಷ್ಟನ್ನು ಅಳೆದು ಮಾರಿ ಶೇ 12 ನಷ್ಟ ತೋರಿಸುವ ಕಂಪನಿಗೂ, ಶೇ 55 ಮಾತ್ರ ಅಳೆದು ಅದೇ ಶೇ 12 ತೋರಿಸುವ ಕಂಪನಿಗೂ ಅಜಗಜಾಂತರ—

ಮೊದಲನೆಯದಕ್ಕೆ ಅಂಥ ಲೆಕ್ಕ ಕೂಡುವುದೇ ಇಲ್ಲ ಎನ್ನುತ್ತೀರಾ? ಹೌದು, ವಸೂಲಾಗದ ಎರಡು ಪಾಲು ಸೇರಿಸಿದರೆ ಕೂಡುತ್ತದೆ. ಅಳೆದ ನಷ್ಟ ಹೀಗೆ ಪೈಸೆ ಪೈಸೆಗೂ ಉತ್ತರ ಕೊಡುತ್ತದೆ. ಅಂದಾಜಿನ ನಷ್ಟಕ್ಕೆ ಪ್ರಶ್ನೆ ಕೇಳುವುದೇ ಕಷ್ಟ. ಕೊನೆಯದಾಗಿ ದುರಸ್ತಿಯ ಖರ್ಚು ನೋಡಿ. ಸುಟ್ಟ ಟಿಸಿ ಬದಲಿಸದೆ, ಖಾಲಿ ಬಿದ್ದ ಲೈನ್‌ಮ್ಯಾನ್ ಹುದ್ದೆ ತುಂಬದೆ, ಗುತ್ತಿಗೆಯ ಹುಡುಗನನ್ನು ಕೈಗವಸೂ ಇಲ್ಲದೆ ಕಂಬ ಹತ್ತಿಸಿ ಉಳಿಸಿದ ದುಡ್ಡೂ ಪಟ್ಟಿಯಲ್ಲಿ ಲಾಭವಾಗಿಯೇ ಕಾಣುತ್ತದೆ.

ಸ್ಮಾರ್ಟ್ ಮೀಟರ್ ಬರುತ್ತಿವೆಯಲ್ಲ, ಎಲ್ಲ ಸರಿಹೋಗುತ್ತದೆ ಎಂದು ಸಮಾಧಾನ ಹೇಳುವವರಿದ್ದಾರೆ. 2021ರಲ್ಲಿ ಘೋಷಿಸಿದ ಆರ್‌ಡಿಎಸ್‌ಎಸ್ ಯೋಜನೆಯ ಒಟ್ಟು ಗಾತ್ರ 3,03,758 ಕೋಟಿ ರೂಪಾಯಿ. ಮನೆ ಮನೆಗೆ ಪ್ರಿಪೇಯ್ಡ್ ಸ್ಮಾರ್ಟ್ ಮೀಟರ್ ಹಾಕುವುದು ಅದರ ದೊಡ್ಡ ಕೆಲಸ. ಯಾರಿಗೆ ವಿನಾಯಿತಿ ಗೊತ್ತೇ? ಕೃಷಿ ಪಂಪ್‌ಸೆಟ್ಟಿಗೆ. ಈಗಾಗಲೇ ಮೀಟರಿರುವ ನಮ್ಮ ಮನೆಗೆ ಇನ್ನೂ ಜಾಣ ಮೀಟರು, ಯಾವ ಮೀಟರೂ ಇಲ್ಲದ ಕಡೆ ಯಥಾಸ್ಥಿತಿ.

ಆದರೆ ಅದೇ ಯೋಜನೆಯಲ್ಲಿ ಫೀಡರುಗಳಿಗೂ ಟಿಸಿಗಳಿಗೂ ಮೀಟರ್ ಹಾಕಲು ದುಡ್ಡಿದೆ. ಗುಜರಾತ್ 2003ರಿಂದ ಜ್ಯೋತಿಗ್ರಾಮ ಯೋಜನೆಯಲ್ಲಿ ಊರಿನ ಫೀಡರು, ಹೊಲದ ಫೀಡರು ಬೇರೆ ಮಾಡಿತು. ಕರ್ನಾಟಕ ನಿರಂತರ ಜ್ಯೋತಿಯ ಹೆಸರಿನಲ್ಲಿ ಅದನ್ನೇ ಮಾಡಿದೆ. ಬೇರೆಯಾದ ಹೊಲದ ಫೀಡರಿನ ಬಾಯಲ್ಲಿ ಒಂದು ಮೀಟರಿದ್ದರೆ ಸಾಕು, ರೈತನ ಪಂಪಿನ ಮನೆಗೆ ಯಾರೂ ಕಾಲಿಡಬೇಕಿಲ್ಲ, ಅವನಿಗೆ ಬಿಲ್ಲಿನ ಭಯವೂ ಬೇಡ. ಆ ಮೀಟರಿನ ಅಂಕಿ ಸಬ್‌ಸ್ಟೇಷನ್ನಿನಲ್ಲಿ ಪ್ರತಿ ತಿಂಗಳೂ ಸಿಗುತ್ತದೆ. ಸಾರ್ವಜನಿಕರಿಗೆ ಸಿಗುವುದು ಜಿಲ್ಲೆ, ವಿಭಾಗಗಳನ್ನೆಲ್ಲ ಕೂಡಿಸಿ ನುಣ್ಣಗೆ ಅರೆದ ಒಟ್ಟು ಮೊತ್ತ.

ದರ ಪರಿಷ್ಕರಣೆಗೆ ಮೊದಲು ಪ್ರತಿ ರಾಜ್ಯದ ಆಯೋಗವೂ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯುತ್ತದೆ. ಬೆಂಗಳೂರಿನಲ್ಲಾಗಲಿ, ಮುಂಬಯಿ, ಹೈದರಾಬಾದು, ಚೆನ್ನೈ, ದಿಲ್ಲಿಯಲ್ಲಾಗಲಿ, ಬಿಲ್ ಕಟ್ಟುವ ಯಾರು ಬೇಕಾದರೂ ಬರೆಯಬಹುದು, ವಕೀಲರು ಬೇಕಿಲ್ಲ. ಅಲ್ಲಿ ದರ ಏರಿಸಬೇಡಿ ಎಂದು ಬರೆಯುವವರು ಸಾವಿರ ಜನ ಇರುತ್ತಾರೆ, ಆಯೋಗ ಅದನ್ನು ಒಂದು ಸಾಲಿನಲ್ಲಿ ಸಂಗ್ರಹಿಸಿ ಮುಂದಿನ ಪುಟಕ್ಕೆ ಹೋಗುತ್ತದೆ. ದಿಲ್ಲಿಯವರು, ಏಳು ವರ್ಷದ ವಸೂಲಿಯಲ್ಲಿ ಪ್ರತಿ ವರ್ಷ ಎಷ್ಟು ಅಸಲು, ಎಷ್ಟು ಬಡ್ಡಿ ಎಂದು ಕೇಳಿ. ಉಳಿದ ರಾಜ್ಯಗಳವರು ಹೀಗೆ ಬರೆಯಿರಿ: ಕಳೆದ ವರ್ಷ ನಿಮ್ಮ ಪ್ರತಿ ಕೃಷಿ ಫೀಡರಿನ ಮೀಟರಿನಲ್ಲಿ ದಾಖಲಾದ ಯೂನಿಟ್ ಎಷ್ಟು, ಆ ಫೀಡರಿನ ಪಂಪ್‌ಸೆಟ್ಟುಗಳ ಹೆಸರಿನಲ್ಲಿ ಸಬ್ಸಿಡಿ ಕೇಳಿದ ಯೂನಿಟ್ ಎಷ್ಟು? ಫೀಡರಿನ ಹೆಸರು ಹಿಡಿದು ಪಟ್ಟಿ ಕೊಡಿ.